ಕೆಳಗಿನ ಸಂಘದವರ ಗಮನಕ್ಕೆ

— ಕೆಳಗಿನ ಸಂಘದವರಿಗಿ ಹೇಳು, ನಂಬರ್ ಬಂದಿದ್ರ ಓದಬೇಕಂತ, ಎಂದ ಯಂಕಣ್ಣ, ಹೆಂಡತಿಗೆ.

— ಮ್ಯಾಲಿನ ಸಂಘದವರಿಗಿ ಹೇಳು, ಆಗಳೇ ಓದೀನಿ. ಕಿವಿ ಇದ್ದವರು ಕೇಳ್ಯಾರ ಅಂತ, ಎಂದ ಅವಳ ಅಣ್ಣ.

— ಕೇಳಿಸೋದೇನೋ ಕೇಳಿಸ್ತು. ಆದ್ರ ಅವರು ನನಗ ಹೇಳಿಲ್ಲ, ನಿನಗ ಹೇಳ್ಯಾರ. ನೀ ನನಗ ಹೇಳು, ಆಮ್ಯಾಲ ನಾ ಒತ್ತತೀನಿ.

— ನಾಕು, ಒಂದು, ಒಂದು, ಎಂಟು... ಮುಂದಿಂದು ಮರ್ತೆ. ಅಣ್ಣಾ, ಇನ್ನೊಮ್ಮಿ ಹೇಳು.

ಅಣ್ಣ ಕನ್ನಡಕ ಒರೆಸಿಕೊಂಡು, ಹಾಕಿಕೊಂಡು, ಯಂತ್ರವನ್ನು ಬೆಳಕಿಗೆ ಹಿಡಿಯುವಷ್ಟರಲ್ಲಿ ನಂಬರಿನ ಐದು ನಿಮಿಷದ ಗಡುವು ಮುಗಿದಿತ್ತು. ಕೌಂಟರಿನ ಹಿಂದಿನಿಂದ ಮದೀನಾಬೀ ತಲೆ ಎತ್ತದೆಯೇ ಹೇಳಿದಳು:

— ಹೋತು. ಈ ನಂಬರೂ ಸತ್ತು ಹೋತು. ಐದ ಸಲ ಅಷ್ಟ ಕೊಡ್ತದಣ್ಣಾ, ಮೂರು ಮುಗದ್ವು. ಐದೂ ಮುಗದ್ರ ಕಂಪನಿ ಮಾಲಕ ಬಂದು ನಿಂತ್ರೂ ಮೇಲ್ ಪೆಟ್ಟಿಗಿ ತೆರಿಯಂಗಿಲ್ಲ.

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಮದೀನಾಬೀಯ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಬೆಂಚು. ಅದರ ಈ ತುದಿಗೆ ಯಂಕಣ್ಣ, ಅಯ್ಯಮ್ಮನ ಗಂಡ. ಆ ತುದಿಗೆ ಲಾಲಪ್ಪ, ಅಯ್ಯಮ್ಮನ ಒಡಹುಟ್ಟಿದ ಅಣ್ಣ. ನಡುವೆ ಅಯ್ಯಮ್ಮ, ಎರಡು ಹೊಲಗಳ ನಡುವಿನ ಬದುವಿನ ಹಾಗೆ.

ಒಂದೇ ಮರಿಕಾಲುವೆಯ ಮೇಲ್ತುದಿಯ ಊರು ಯಂಕಣ್ಣನದು, ಕೆಳತುದಿಯ ಊರು ಲಾಲಪ್ಪನದು. ಇಬ್ಬರೂ ತಂತಮ್ಮ ಊರಿನ ನೀರಿನ ಸಂಘದ ಕಾರ್ಯದರ್ಶಿಗಳು. ನಾಲ್ಕು ವರ್ಷದ ಹಿಂದೆ ಕಾಲುವೆಗೆ ಹೊಸ ಗೇಟು ಕೂರಿಸಿದ ಕಂಪನಿಯವರು ಸಂಘಕ್ಕೊಂದರಂತೆ ಅಂಗೈ ಅಗಲದ ಯಂತ್ರ ಕೊಟ್ಟು, ನೀರು ಬಿಟ್ಟದ್ದು ಮುಚ್ಚಿದ್ದು ಎಲ್ಲವನ್ನೂ ಅದರಲ್ಲಿ ಮೇಲ್ ಬರೆದು ತಿಳಿಸಬೇಕೆಂದು ಹೇಳಿ ಹೋಗಿದ್ದರು. ಗುಂಡಿಗಳ ಮೇಲೆ ಕನ್ನಡ ಅಕ್ಷರ ಇದ್ದವು. ಆ ದಿನ ಭಾವ ಮೈದುನರು ಒಂದೇ ತಟ್ಟೆಯಲ್ಲಿ ಮಂಡಾಳು ಚುರುಮುರಿ ತಿಂದಿದ್ದರು. ಮೂರು ವಾರಕ್ಕೆ ಸರಿಯಾಗಿ, ಯಂಕಣ್ಣ ಹೆಚ್ಚು ನೀರು ಕುಡಿಯುವ ನೆಲ್ಲು ಹಚ್ಚಿದ್ದರಿಂದ ಕೆಳಗೆ ನೀರು ಬರುತ್ತಿಲ್ಲವೆಂದು ಲಾಲಪ್ಪ ಸಭೆಯಲ್ಲಿ ಎದ್ದು ನಿಂತು, ತಂಗಿಯ ಗಂಡನ ತೂಬು ಮುಚ್ಚಿಸುವ ಠರಾವು ಬರೆಸಿದ. ಅಂದಿನಿಂದ ಮಾತು ಬಿಟ್ಟರು.

ಮಾತು ಬಿಡಬಹುದು, ನೀರು ಬಿಡದೆ ಆಗುವುದಿಲ್ಲ. ಹಾಗಾಗಿ ಮೇಲ್ ನಡೆದೇ ಇತ್ತು. ಒಮ್ಮೆ ಅಯ್ಯಮ್ಮ ಕೇಳಿದ್ದಕ್ಕೆ ಯಂಕಣ್ಣ ಹೇಳಿದ್ದ: ಮೇಲ್ ಅಂದ್ರ ಮಾತಲ್ಲ, ಅದು ಕಾಗದದ ಕೆಲಸ. ಲಾಲಪ್ಪನೂ ತನ್ನ ಹೆಂಡತಿಗೆ ಇದನ್ನೇ ಹೇಳಿದನಂತೆ. ಆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಈಗ ಆ ಮೇಲ್ ಸೇವೆಯೇ ನಿಲ್ಲುತ್ತಿತ್ತು. ಇವತ್ತು ಸಂಜೆ ಐದಕ್ಕೆ ಕೊನೆ, ಹಳೆಯ ಪತ್ರ ಬೇಕಾದವರು ತೆಗೆದಿಟ್ಟುಕೊಳ್ಳಿ ಎಂದು ಯಂತ್ರದಲ್ಲೇ ಬಂದಿತ್ತು. ಕಾಲುವೆ ಆಫೀಸಿನವರು ನಾಲ್ಕು ವರ್ಷದ ಪತ್ರ ನೋಡಿಯೇ ಮುಂದಿನ ನೀರಿನ ಪಾಳಿ ಕಟ್ಟುವವರು. ಪತ್ರ ಇಲ್ಲದ ಸಂಘಕ್ಕೆ ಕಡೆಯ ಪಾಳಿ. ಇಬ್ಬರೂ ಓಡಿ ಬಂದಿದ್ದರು. ಬಂದ ಮೇಲೆ ಮದೀನಾಬೀ ಕಂಡುಹಿಡಿದದ್ದು ಬೇರೆಯೇ ಒಂದು ತೊಡಕು. ಪೆಟ್ಟಿಗೆ ತೆರೆಯುವ ಗುಟ್ಟಿನ ನಂಬರು ಅವರವರ ಯಂತ್ರಕ್ಕೆ ಬರುವುದಿಲ್ಲ, ನಂಬಿಕಸ್ಥರೆಂದು ಅವರು ಬರೆಸಿದ ಇನ್ನೊಬ್ಬರ ಯಂತ್ರಕ್ಕೆ ಬರುತ್ತದೆ. ಚುರುಮುರಿ ತಿಂದ ದಿನ ಯಂಕಣ್ಣ ಬರೆಸಿದ್ದು ಲಾಲಪ್ಪನ ಹೆಸರು. ಲಾಲಪ್ಪ ಬರೆಸಿದ್ದು ಯಂಕಣ್ಣನ ಹೆಸರು.

— ಬ್ಯಾರೆ ಯಾರೂ ಸಿಗಲಿಲ್ಲೇನಣ್ಣಾ ನಿಮಗ? ಎಂದು ಮದೀನಾಬೀ ಕೇಳಿದ್ದಳು.

— ಯಂತ್ರ ಇದ್ದಿದ್ದ ಇಬ್ಬರ ಹತ್ರ, ಎಂದು ಯಂಕಣ್ಣ ಗೋಡೆಗೆ ಹೇಳಿದ.

ಅಯ್ಯಮ್ಮನನ್ನು ಕರೆತಂದದ್ದು ನಡುವೆ ಕೂರಲಿಕ್ಕೆ. ಅವಳು ಬಂದದ್ದು ಅದಕ್ಕಲ್ಲ. ನಾಲ್ಕು ದಿನಕ್ಕೆ ನಾಗರ ಪಂಚಮಿ. ಮದುವೆಯಾದಾಗಿನಿಂದ ಪಂಚಮಿಗೆ ಮುಂಚೆ ಅಣ್ಣ ಕರೆಯಲು ಬರುತ್ತಿದ್ದ. ಮಾತು ಬಿಟ್ಟ ಮೇಲೆ ಬರಲಿಲ್ಲ. ಮೂರು ಪಂಚಮಿ ಹಾಗೆಯೇ ಕಳೆದವು, ಇದು ನಾಲ್ಕನೆಯದು. ಪ್ರತಿವರ್ಷ ಅವಳು ಜೋಳದ ಅಳ್ಳು ಹುರಿದು, ಉಂಡಿ ಕಟ್ಟಿ, ಅಣ್ಣನ ಪಾಲನ್ನು ಡಬ್ಬಿಗೆ ಹಾಕಿ ಮುಚ್ಚುತ್ತಿದ್ದಳು. ಡಬ್ಬಿ ತೆರೆಯುವ ಹೊತ್ತಿಗೆ ಇರುವೆಗಳು ಹಬ್ಬ ಮುಗಿಸಿರುತ್ತಿದ್ದವು. ನಿಮ್ಮಣ್ಣ ನಿನ್ನ ಮರ್ತಾನ ಬಿಡು ಎಂದು ಯಂಕಣ್ಣ ಅಂದಾಗಲೆಲ್ಲ ಅವಳು ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ಇವತ್ತು ಎದುರೆದುರು ಸಿಕ್ಕಾಗಲಾದರೂ ಒಂದು ಮಾತು ಕರೆದಾನು ಎಂದು ಬಂದಿದ್ದಳು. ಅಣ್ಣ ಮಾತ್ರ ಅರಾಮಿದ್ದೀಯೇನವ್ವ ಎಂದು ಕೇಳಿ, ಅವಳ ಉತ್ತರ ಬರುವಷ್ಟರಲ್ಲಿ ಫ್ಯಾನು ನೋಡತೊಡಗಿದ್ದ.

— ನಾಲ್ಕೂ ಕಾಲಾತು, ಎಂದಳು ಮದೀನಾಬೀ. ನಾಲ್ಕನೇ ನಂಬರ್ ತರಸ್ಲೋ ಬ್ಯಾಡೋ?

— ತಡೀರಿ, ಎಂದಳು ಅಯ್ಯಮ್ಮ. ಎರಡೂ ಯಂತ್ರ ನನ್ನ ಕೈಯಾಗ ಕೊಡ್ರಿ.

ಗಂಡ ಅಣ್ಣ ಇಬ್ಬರೂ ಯೋಚನೆ ಮಾಡಿದರು. ಮಾತು ಬಿಟ್ಟ ಕಟ್ಟಳೆ ಇದರಿಂದ ಎಲ್ಲಿಯೂ ಮುರಿಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೊಟ್ಟರು. ಅಯ್ಯಮ್ಮ ಏಳನೆಯ ತರಗತಿ ಪಾಸಾದವಳು. ಅಣ್ಣನ ಯಂತ್ರದಲ್ಲಿ ನೋಡಿ ಗಂಡನ ಯಂತ್ರದಲ್ಲಿ ಒತ್ತಿದಳು. ಪೆಟ್ಟಿಗೆ ತೆರೆಯಿತು. ಮದೀನಾಬೀ ತಂತಿ ಹಚ್ಚಿದಳು. ಅಂಗಡಿಯ ಪರದೆಯ ಮೇಲೆ ನಾಲ್ಕು ವರ್ಷದ ಪತ್ರ ಸಾಲುಗಟ್ಟಿದವು.

— ಎಲ್ಲಾ ಪ್ರಿಂಟ್ ತಗೀಲೇನಣ್ಣಾ?

— ನೀರಿಂದಷ್ಟ ತಗಿ, ಎಂದ ಯಂಕಣ್ಣ, ಸ್ವಲ್ಪ ಅವಸರದಲ್ಲಿ. ಉಳಿದಿದ್ದು ಬ್ಯಾಡ.

— ಉಳಿದಿದ್ದು ಅಂದ್ರ ಏನದರಿ? ಎಂದಳು ಅಯ್ಯಮ್ಮ. ಕಾಗದದ ಕೆಲಸ ಅಂದಿದ್ರಲ್ಲ.

— ಏನಿಲ್ಲ. ನೀ ಹೋಗಿ ಚಾ ಹೇಳಿ ಬಾ.

ಅಯ್ಯಮ್ಮ ಎದ್ದಳು, ಚಹಾದ ಕಡೆಗಲ್ಲ. ಪರದೆಯ ಮುಂದೆ ಕೂತು ಓದಿದಳು, ಶಾಲೆಯಲ್ಲಿ ಪಾಠ ಓದುವ ಹಾಗೆ, ಗಟ್ಟಿಯಾಗಿ:

— "ಕೆಳಗಿನ ಸಂಘದವರ ಗಮನಕ್ಕೆ. ಇಂದು ಬೆಳಿಗ್ಗೆ ಆರಕ್ಕೆ ಏಳನೇ ತೂಬು ಮುಚ್ಚಲಾಗಿದೆ. ಸಂಜೆಗೆ ನಿಮ್ಮಲ್ಲಿ ನೀರು ತಲುಪಬೇಕು. ಅಯ್ಯಮ್ಮಳ ಮೊಣಕಾಲು ಬಾತಿದೆ. ಇಂತಿ ಕಾರ್ಯದರ್ಶಿ."

ಅದರ ಕೆಳಗೇ ಜವಾಬು:

— "ಮೇಲಿನ ಸಂಘದವರ ಗಮನಕ್ಕೆ. ನೀರು ತಲುಪಿದೆ, ನಾಲ್ಕು ಬೆರಳು ಕಡಿಮೆ ಇದೆ. ಮೊಣಕಾಲಿಗೆ ಎಳ್ಳೆಣ್ಣೆ ಕಾಯಿಸಿ ಹಚ್ಚತಕ್ಕದ್ದು. ನೀರು ಹೊರಲು ಬಿಡತಕ್ಕದ್ದಲ್ಲ."

ಅಯ್ಯಮ್ಮ ಓದುವುದನ್ನು ನಿಲ್ಲಿಸಿದಳು. ಆ ವರ್ಷ ಒಂದು ಸಂಜೆ ಗಂಡ ಹೇಳದೆ ಕೇಳದೆ ಎಳ್ಳೆಣ್ಣೆ ಕಾಯಿಸಿ ತಂದು ಮುಂದಿಟ್ಟಿದ್ದ. ಡಾಕ್ಟರ್ ಹೇಳ್ಯಾನ ಅಂದಿದ್ದ. ಹದಿನೈದು ದಿನ ಕೊಡ ಅವನೇ ಹೊತ್ತಿದ್ದ. ಡಾಕ್ಟರು ಎಂಥ ಒಳ್ಳೆಯವನು ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

— ಡಾಕ್ಟರ್ ಇಲ್ಲೇ ಕುಂತಾನ, ಎಂದಳು ಅವಳು, ಅಣ್ಣನ ಕಡೆ ನೋಡದೆ.

— ನೀರಿಂದಷ್ಟ ಓದು, ಎಂದ ಯಂಕಣ್ಣ.

ಅವಳು ಮುಂದಕ್ಕೆ ಸರಿಸಿದಳು. ಎಮ್ಮೆ ಈದದ್ದು ಇತ್ತು. ಲಾಲಪ್ಪನ ಹೆಂಡತಿಗೆ ಚಿಕೂನ್‌ಗುನ್ಯಾ ಬಂದದ್ದು, ಬಿಟ್ಟದ್ದು, ತೂಬಿನ ನಂಬರಿನ ಕೆಳಗೆ ಇತ್ತು. ಆಮೇಲೆ ಒಂದು ಪತ್ರದ ಮುಂದೆ ಅವಳ ಬೆರಳು ನಿಂತಿತು. ಯಂಕಣ್ಣ ಎದ್ದು ಬಾಗಿಲಿಗೆ ಹೋಗಿ, ಬಸ್ಸುಗಳ ಬೋರ್ಡು ಓದತೊಡಗಿದ.

— "ವಿಷಯ: ಪಂಚಮಿ. ತಂಗಿಯನ್ನು ಐದು ದಿನದ ಮಟ್ಟಿಗೆ ಕಳಿಸಿಕೊಡಬೇಕೆಂದು ಕೋರಲಾಗಿದೆ. ಜೋಕಾಲಿ ಕಟ್ಟಿದೆ." ಇದಕ್ಕ ಜವಾಬು, "ತಮ್ಮ ಮನವಿ ತಲುಪಿದೆ. ತೂಬಿನ ಬಗ್ಗೆ ತಾವು ಬರೆಸಿದ ಠರಾವನ್ನು ಹಿಂಪಡೆದ ನಂತರ ಪರಿಶೀಲಿಸಲಾಗುವುದು."

ಮದೀನಾಬೀ ಕೈಯಲ್ಲಿದ್ದ ಕಾಗದದ ಕಟ್ಟನ್ನು ಮೆತ್ತಗೆ ಕೆಳಗಿಟ್ಟಳು.

— ಮುಂದಿನ ವರ್ಷದ್ದು, ಎಂದು ಅಯ್ಯಮ್ಮ ಓದಿದಳು. "ಠರಾವು ಸಂಘದ್ದು, ಹಿಂಪಡೆಯಲು ಬರುವುದಿಲ್ಲ. ತಂಗಿ ಸಂಘದವಳಲ್ಲ. ಕಳಿಸತಕ್ಕದ್ದು." ಅದಕ್ಕ ಇವರು, "ತಮ್ಮ ಮನವಿ ತಲುಪಿದೆ. ಪರಿಶೀಲಿಸಲಾಗುವುದು." ಮೂರನೇ ವರ್ಷ ಮತ್ತ, "ತಲುಪಿದೆ. ಪರಿಶೀಲಿಸಲಾಗುವುದು." ಇದು ಮೊನ್ನಿದು, "ಸೇವೆ ನಿಲ್ಲುವ ಮೊದಲು ಕೊನೆಯ ಮನವಿ. ಜೋಕಾಲಿ ಈ ಸಲವೂ ಕಟ್ಟಿದೆ." ಇದಕ್ಕ ಜವಾಬ ಇಲ್ಲ.

ಅವಳು ಬಾಗಿಲಿನ ಕಡೆ ತಿರುಗಿದಳು.

— ನಿಮ್ಮಣ್ಣ ಮರ್ತಾನ ಅಂದಿದ್ರಿ.

— ಬಾಯಿಲೆ ಕರದಿಲ್ಲಲ್ಲ ಅವರು, ಎಂದ ಯಂಕಣ್ಣ, ಬಸ್ಸಿಗೆ. ಬಾಯಿಲೆ ಕರೀದಿದ್ರ ಕರದಂಗಲ್ಲ.

— ಅಣ್ಣಾ, ನಿನಗೇನಾಗಿತ್ತು? ಬಂದು ಅಂಗಳದಾಗ ನಿಂತು, ಅಯ್ಯಮ್ಮ, ನಡಿ ಅನ್ನಾಕ ಏನಡ್ಡಿ ಇತ್ತು?

ಲಾಲಪ್ಪ ಬಹಳ ಹೊತ್ತು ಕನ್ನಡಕ ಒರೆಸಿದ.

— ಬಂದ್ರ ಇವರ ಜೋಡಿ ಮಾತಾಡಬೇಕಾಗ್ತಿತ್ತವ್ವ.

ಅಯ್ಯಮ್ಮ ಅಳಲಿಲ್ಲ. ಗಂಡನ ಯಂತ್ರವನ್ನು ಗಂಡ ಕೂತಿದ್ದ ಜಾಗದಲ್ಲಿಟ್ಟಳು, ಅಣ್ಣನ ಯಂತ್ರವನ್ನು ಅಣ್ಣನ ತೊಡೆಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು, ನಡುವಿನ ಜಾಗ ಬಿಟ್ಟು, ಮದೀನಾಬೀಯ ಪಕ್ಕದ ಸ್ಟೂಲಿಗೆ ಹೋಗಿ ಕೂತಳು.

ಮದೀನಾಬೀ ಗಡಿಯಾರ ನೋಡಿದಳು. ಐದಕ್ಕೆ ಹನ್ನೆರಡು ನಿಮಿಷ ಇತ್ತು. ಯಂಕಣ್ಣನ ಪತ್ರ ಪ್ರಿಂಟಾಗಿ ಬೀಳುತ್ತಿದ್ದವು, ಲಾಲಪ್ಪನ ಪೆಟ್ಟಿಗೆ ಇನ್ನೂ ಮುಚ್ಚಿಯೇ ಇತ್ತು. ಅದರ ನಂಬರು ಬರುವುದು ಯಂಕಣ್ಣನ ಯಂತ್ರಕ್ಕೆ.

— ಅಯ್ಯಮ್ಮಕ್ಕ, ಎರಡೂ ಯಂತ್ರ ತಗೊಂಡು ನೀನ ಒತ್ತಿಬಿಡು, ಎಂದಳು.

— ನಾ ಸಂಘದವಳಲ್ಲ, ಎಂದಳು ಅಯ್ಯಮ್ಮ.

— ಹೊತ್ತಾಗಾಕತ್ತದ.

— ಆಗ್ಲಿ.

ಯಂಕಣ್ಣ ಮದೀನಾಬೀಯ ಮುಖ ನೋಡಿದ. ಮದೀನಾಬೀ ತನಗೆ ಅಂಗಡಿ ಕೆಲಸ ಇದೆಯೆಂದು ಹೇಳಿ, ಸರಿಯಾಗಿಯೇ ಇದ್ದ ಕಾಗದದ ಕಟ್ಟನ್ನು ಸರಿಮಾಡತೊಡಗಿದಳು. ಅವನು ಯಾರಿಗೂ ಬೇಡದವನ ಹಾಗೆ ಬಂದು ಬೆಂಚಿನ ತುದಿಗೆ ಕೂತ. ನಡುವೆ ಖಾಲಿ ಜಾಗ. ಲಾಲಪ್ಪನ ಪೆಟ್ಟಿಗೆಯ ನಂಬರು ಬಂದು ಅವನ ಯಂತ್ರ ಟಿಂಗ್ ಎಂದಿತು. ಒಂದು ನಿಮಿಷ ಹೋಯಿತು. ಎರಡು ಹೋಯಿತು. ಇವನ ಕಾಗದ ಕೈಗೆ ಬಂದಾಗಿತ್ತು. ಸುಮ್ಮನಿದ್ದರೆ ಕಡೆಯ ಪಾಳಿ ಕೆಳಗಿನ ಸಂಘಕ್ಕೆ, ಅವನ ಸಂಘಕ್ಕಲ್ಲ. ಅಯ್ಯಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ಯಂಕಣ್ಣ ಯಂತ್ರ ಎತ್ತಿಕೊಂಡ.

— ಒಂಬತ್ತು.

ಲಾಲಪ್ಪ ಬೆಚ್ಚಿದವನಂತೆ ಕತ್ತು ತಿರುಗಿಸಿದ. ನಾಲ್ಕು ವರ್ಷದ ಮೇಲೆ ಯಂಕಣ್ಣ ಅವನಿಗೆ ಆಡಿದ ಮೊದಲ ಮಾತು ಅದು.

— ಹೂಂ, ಎಂದ.

— ಸೊನ್ನಿ.

— ಹೂಂ.

— ಎರಡು. ಮತ್ತೊಂದು ಎರಡು.

— ಎರಡು ಎರಡು. ಹೂಂ.

— ಆರು.

— ಆರು.

ಯಂಕಣ್ಣ ಅಲ್ಲಿಗೆ ನಿಂತ.

— ಜೋಕಾಲಿ ಹಗ್ಗ ಹಳೀದ ಅದನೋ, ಹೊಸಾದೋ? ಎಂದು ಕೇಳಿದ.

— ಹೊಸಾದು.

— ಭಾಳ ಎತ್ತರ ಕಟ್ಟಬ್ಯಾಡ್ರಿ. ಮೊಣಕಾಲು ಇನ್ನಾ ಪೂರಾ ಹೋಗಿಲ್ಲ. ಕಡೀದು, ಐದು.

— ಐದು, ಎಂದು ಲಾಲಪ್ಪ ಒತ್ತಿದ.

ಪೆಟ್ಟಿಗೆ ತೆರೆಯಿತು. ಮದೀನಾಬೀ ತಂತಿ ಹಚ್ಚಿ, ಪತ್ರವೆಲ್ಲ ಇಳಿಸಿಕೊಂಡು ಮುಗಿಸುವಷ್ಟರಲ್ಲಿ ಐದಾಯಿತು. ಎರಡೂ ಯಂತ್ರಗಳ ಮೇಲೆ ಒಂದೇ ಸಾಲು ಮೂಡಿತು: ಸೇವೆ ಮುಗಿದಿದೆ. ಇಬ್ಬರೂ ತಮ್ಮ ತಮ್ಮ ಯಂತ್ರವನ್ನು ಸ್ವಲ್ಪ ಅಲ್ಲಾಡಿಸಿ ನೋಡಿದರು. ಆಮೇಲೆ ಜೇಬಿಗೆ ಹಾಕಿಕೊಂಡರು.

ಲಾಲಪ್ಪ ಎದ್ದು ನಿಂತ. ಗೋಡೆಗಲ್ಲ, ಫ್ಯಾನಿಗಲ್ಲ, ತಂಗಿಗೇ ಹೇಳಿದ:

— ಅಯ್ಯಮ್ಮ, ಪಂಚಮಿಗಿ ನಡಿಯವ್ವ.

ಲಾಲಪ್ಪನ ಊರಿನ ಮೇಲೆ ಹೋಗುವ ಸುರಪುರದ ಬಸ್ಸು ಎದುರಿಗೇ ನಿಂತಿತ್ತು. ಅಯ್ಯಮ್ಮ ಅದರ ಕಡೆ ಹೊರಟೇಬಿಟ್ಟಳು. ಸೀರೆ ಕುಪ್ಪಸ ಬೇಡವೇ, ಮನೆಗೆ ಹೋಗಿ ನಾಳೆ ಹೊರಡಬಾರದೇ ಎಂದು ಯಂಕಣ್ಣ ಹಿಂದಿನಿಂದ ಕೇಳಿದ. ತವರಿಗೆ ಹೋಗಲು ಉಟ್ಟ ಸೀರೆ ಸಾಕು ಎಂದಳು. ಎಮ್ಮೆ ಅವಳ ಕೈಗಲ್ಲದೆ ಹಾಲು ಕೊಡುವುದಿಲ್ಲವೆಂದು ಅವನು ನೆನಪಿಸಿದ. ಎಮ್ಮೆಯ ಜೊತೆ ಅವನೇನೂ ಮಾತು ಬಿಟ್ಟಿಲ್ಲವಲ್ಲ ಎಂದಳು.

ಅವಳು ಕಿಟಕಿಯ ಪಕ್ಕ ಕೂತಳು, ಅಣ್ಣ ಅವಳ ಬದಿಗೆ. ಕಂಡಕ್ಟರು ಸೀಟಿ ಊದಿದ. ಯಂಕಣ್ಣ ಪತ್ರದ ಕಟ್ಟು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಸರಳು ಹಿಡಿದ.

— ಐದ ದಿನಕ್ಕ ಬರ್ತಿಯಲ್ಲ?

ಅಯ್ಯಮ್ಮ ಕಿಟಕಿಯಾಚೆ ನೋಡಿದಳು.

— ತಮ್ಮ ಮನವಿ ತಲುಪಿದೆ, ಎಂದಳು. ಪರಿಶೀಲಿಸಲಾಗುವುದು.