ಹೋಳಿಗೆ ಉಂಡವರ ವಿಮರ್ಶೆ

"ಬರೋ ಐತವಾರ ಈ ಹುಸೇನಪ್ಪ ಅಂದ್ರ ಯಾರು ಅಂತ ಇಡೀ ಜಿಲ್ಲಾಕ್ಕ ಗೊತ್ತಾಗತೈತಿ, ನೋಡ್ತಿರು!"

ಹೀಗೆಂದು ಗುಡುಗಿದಾಗ ಹುಸೇನಪ್ಪನ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದು ಕೈಯಲ್ಲಿ ಅವನೇ ಬರೆದ ಕಾದಂಬರಿ ಇದ್ದವು. ಹೆಂಡತಿ ಸುಕನ್ಯಾ ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ಈಗ ಗೊತ್ತಿಲ್ಲೇನು? ದಿನಾ ಮೈಕಿನಾಗ ಒದರತೀರಲ್ಲ!"

ಮಾತು ಸುಳ್ಳಲ್ಲ. ಹುಸೇನಪ್ಪ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಅವನು ಮೈಕಿನಲ್ಲಿ "ಮಸ್ಕಿ, ಸಿಂಧನೂರು" ಎಂದು ಕೂಗಿದರೆ ಹಟ್ಟಿ ಬಸ್ಸಿಗೆ ಕಾಯುವವರೂ ಒಮ್ಮೆ ಎದ್ದು ನಿಲ್ಲುತ್ತಿದ್ದರು. ಇಂಥ ಕಂಠ ಬರೀ ಬಸ್ಸು ಕರೆದೇ ಸವೆದುಹೋಗಬೇಕೇ ಎಂಬ ಕೊರಗು ಅವನಿಗೆ ಬಹಳ ದಿನಗಳಿಂದ ಇತ್ತು. ಹಾಗಿರುವಾಗ ಸಿಂಧನೂರಿಗೆ ಒಂದು ಎಕ್ಸಿಬಿಷನ್ ಬಂತು. ಅದರಲ್ಲೊಂದು ವಿ.ಆರ್. ಕನ್ನಡಕದ ಡೇರೆ. ಕಣ್ಣಿಗೆ ಆ ಪೆಟ್ಟಿಗೆ ಕಟ್ಟಿಕೊಂಡರೆ ಸಾಕು, ನಿಂತ ನೆಲ ಮಾಯವಾಗಿ ಬೇರೆಯದೇ ಲೋಕ! ಗಂಡ ಹೆಂಡತಿ ಇಬ್ಬರೂ ಒಳಗೆ ಹೋದರು. ಒಳಗೆ ಏನಾಯಿತೆಂಬುದು ಅವರಿಬ್ಬರಿಗೇ ಗೊತ್ತು. ಹೊರಗೆ ಬರುವಾಗ ಮಾತ್ರ ಹುಸೇನಪ್ಪ ಕಾದಂಬರಿಕಾರನಾಗಿ ಬಂದ.

ಆಮೇಲೆ ಒಂದು ವರ್ಷ ಅವನು ಮನೆಯಲ್ಲಿದ್ದೂ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದವನೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವನು. ಸುಕನ್ಯಾ ತಾಟು ಹಿಡಿದು ಬಾಗಿಲು ಬಡಿದು "ರೊಟ್ಟಿ ಆರಾಕತ್ತಾವ್ರಿ" ಅಂದರೆ, ಒಳಗಿನಿಂದ ಒಂದೇ ಉತ್ತರ: "ತಡೀ, ಇದೊಂದು ಪುಟ ಮುಗಸ್ತೀನಿ!" ಆ ಪುಟ ಯಾವತ್ತೂ ಬೇಗ ಮುಗಿದದ್ದಿಲ್ಲ.

ಹಾಗೆ ಹುಟ್ಟಿದ್ದೇ 'ಏಳನೇ ಕೋಟೆ'. ಹೈಸ್ಕೂಲು, ಕಾಲೇಜಿನ ಮಕ್ಕಳಿಗೆಂದು ಬರೆದದ್ದು. ಮಾಳಿಂಗರಾಯ ಉರುಫ್ ಮಾಳು ಎಂಬ ಹುಡುಗ ವಿ.ಆರ್. ಕನ್ನಡಕ ಹಾಕಿಕೊಂಡು ಒಂದು ಆಟದೊಳಗೆ ಸಿಕ್ಕಿಬೀಳುತ್ತಾನೆ. ಏಳು ಕೋಟೆ ಗೆದ್ದರಷ್ಟೇ ಬಿಡುಗಡೆ. ಆರು ಗೆದ್ದು ಏಳನೆಯದರ ಬಾಗಿಲಿಗೆ ಬಂದು ನಿಲ್ಲುವಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಎರಡನೇ ಭಾಗ ಬಾರದಿದ್ದರೆ ಪಾಪ, ಹುಡುಗ ಅಲ್ಲೇ ನಿಂತಿರಬೇಕು!

ಈಗ ಬಂದ ಕುತ್ತೂ ಅದೇ. ಪುಸ್ತಕ ಅಚ್ಚು ಹಾಕಿದ ಸಿಂಧನೂರಿನ ಪ್ರೆಸ್ಸಿನ ಬಸ್ಸಪ್ಪ ಫೋನು ಮಾಡಿದ್ದ.

"ಹುಸೇನಪ್ಪರ, ಓದಿದವರಾಗ ಒಬ್ಬರು ಭಾರಿ ಐತಿ ಅಂತಾರ, ಒಬ್ಬರು ಇದೇನು ಹುಚ್ಚು ಅಂತಾರ. ಎರಡನೇ ಭಾಗ ಹಾಕಬೇಕೋ ಬ್ಯಾಡೋ, ನನಗಂತೂ ತಿಳೀವಲ್ದು. ಓದಿದವರನ್ನ ಒಂದ ಕಡೆ ಕೂಡಸ್ರಿ. ಅವರ ಬಾಯಿಂದಾನ ಕೇಳಿ ಅಲ್ಲೇ ಹೇಳಿಬಿಡತೀನಿ."

ಬಸ್ಸಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಸೇನಪ್ಪನ ಅಕ್ಕನ ಮಗ ಸುನೀಲ, ಸದಾ ಮೊಬೈಲಿನಲ್ಲಿ ಆಟ ಆಡುವವನು, "ಬೆಂಕಿ ಐತಿ ಮಾಮಾ" ಅಂದಿದ್ದ. ಅಂದಮೇಲೆ "ಆದ್ರ..." ಎಂದು ಶುರು ಮಾಡಿದ್ದ. ಹುಸೇನಪ್ಪ ಆ 'ಆದ್ರ'ದ ಆಚೆ ಕೇಳಿಸಿಕೊಂಡಿರಲಿಲ್ಲ. ಮಸ್ಕಿಯ ರಿಟೈರ್ಡ್ ಹೆಡ್ ಮಾಸ್ತರ ಆದಪ್ಪನವರಂತೂ ಬಸ್ ನಿಲ್ದಾಣದಲ್ಲೇ ಪುಸ್ತಕ ಝಾಡಿಸಿ "ಇದರಾಗ ನೀತಿ ಎಲ್ಲೈತಿ?" ಎಂದು ಕೇಳಿದ್ದರು. ಪುಸ್ತಕವನ್ನು ಝಾಡಿಸಿದರೆ ನೀತಿ ಉದುರುವುದುಂಟೇ! ಆ ಸಿಟ್ಟಿನಲ್ಲಿ ಹುಸೇನಪ್ಪ ಮಸ್ಕಿ ಬಸ್ಸನ್ನು ಒಂದೇ ಉಸಿರಿಗೆ ಮೂರು ಸಲ ಕೂಗಿಬಿಟ್ಟಿದ್ದ.

ಇಂಥವರನ್ನು ಕೂಡಿಸಿದರೆ ಮಾಳುವಿನ ಗತಿ ಏನು? ಹುಸೇನಪ್ಪ ಯೋಚಿಸಿದ. ಯೋಚಿಸಿ ಯೋಚಿಸಿ ಒಂದು ಬ್ರಹ್ಮಾಸ್ತ್ರ ಹೊಳೆಯಿತು.

"ಊಟ!" ಅಂದ. "ಮೊದಲು ಹೋಳಗಿ ಊಟ, ಆಮ್ಯಾಲ ಅಭಿಪ್ರಾಯ. ಉಂಡ ಮನಿ ಜಂತಿ ಎಣಿಸಬಾರದು ಅಂತ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತೈತಿ. ತುಪ್ಪ ಸುರದು ನೀಡಿದ ಮ್ಯಾಲ ಯಾವ ಆದಪ್ಪ ಮಾಸ್ತರ ಬಾಯಿ ಬಿಡತಾನ ನೋಡೋಣು!"

ಸುಕನ್ಯಾ ಈಗ ತಲೆ ಎತ್ತಿದಳು. "ಅಭಿಪ್ರಾಯ ಮೊದಲು ಕೇಳ್ರಿ, ಊಟ ಆಮ್ಯಾಲ ಹಾಕೋಣು. ಇಲ್ಲಂದ್ರ ಯಾರೂ ಖರೇ ಹೇಳಂಗಿಲ್ಲ."

"ಅದ ಬೇಕಾಗೈತಿ ನನಗ!"

"ಮತ್ತ ಇದು ರಂಜಾನ್ ತಿಂಗಳು. ಬಾಜೂ ಮನಿ ಶಾಜಿಯಾ ಪುಸ್ತಕ ಓದ್ಯಾಳ, ಕರೀಬೇಕು. ಆಕಿ ರೋಜಾ ಉಪವಾಸ, ಮಧ್ಯಾಹ್ನ ಉಣ್ಣಂಗಿಲ್ಲ. ಸಂಜಿಗೆ ಇಟ್ಕೊಳ್ರಿ."

"ಬಸ್ಸಪ್ಪ ಸಂಜಿಗೆ ತಿರುಗಿ ಹೋಗಬೇಕಲ್ಲ. ಒಬ್ಬಾಕಿ ಉಣ್ಣಲಿಲ್ಲಂದ್ರ ಏನು ಆಕಾಶ ಹರಕೊಂಡು ಬೀಳತೈತಿ?"

ಓದುಗ ಮಹಾಶಯರೇ, ಈ ಮಾತನ್ನು ನೆನಪಿಡಿ.

ಐತವಾರ ಬಂತು. ಕರೆದದ್ದು ನಾಲ್ಕು ಮಂದಿಯನ್ನು. ಹೋಳಿಗೆ ಊಟವೆಂಬ ಸುದ್ದಿ ಮಾತ್ರ ಯಾರ ಕೈಗೂ ಸಿಗದೆ ಓಡಿತು. ಆದಪ್ಪನವರು ಮಸ್ಕಿಯಿಂದ ಇಬ್ಬರು ಬೀಗರನ್ನು ಕರೆತಂದರು. ಸುನೀಲ ಕ್ರಿಕೆಟ್ ಟೀಮನ್ನೇ ತಂದ. ಬಸ್ ನಿಲ್ದಾಣದ ಡ್ರೈವರು, ಕಂಡಕ್ಟರುಗಳು "ನಾವೂ ಓದುಗರ!" ಎನ್ನುತ್ತಾ ಜಮಖಾನೆ ತುಂಬಿದರು. ಪುಸ್ತಕದ ಮುಖಪುಟ ಯಾವ ಬಣ್ಣದ್ದೆಂದು ಕೇಳಿದ್ದರೆ ಅರ್ಧ ಸಾಹಿತ್ಯಾಭಿಮಾನಿಗಳು ಎದ್ದು ಹೋಗುತ್ತಿದ್ದರು. ಆದರೆ ಕೇಳುವವರಾರು?

ಸುಕನ್ಯಾ ಬೆಳಗಿನಿಂದ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತವಳು ಕೂತಿರಲಿಲ್ಲ. "ಒಂದೀಟು ಹೂರಣ ಕೈಯಾಡಿಸ್ರಿ, ನಾ ಎಣ್ಣಿಗಾಯಿಗೆ ಮಸಾಲಿ ತುಂಬತೀನಿ" ಎಂದು ಗಂಡನ ಕೈಗೆ ಸವಟು ಕೊಟ್ಟಳು. ಹುಸೇನಪ್ಪ ಕೈಯಾಡಿಸುತ್ತಾ ಆಭಾರ ಮನ್ನಣೆಯ ಭಾಷಣದ ತಾಲೀಮು ಶುರು ಮಾಡಿದ. "ಮಹನೀಯರೇ, ನಿಮ್ಮ ಹೊಗಳಿಕೆಯ ಭಾರಕ್ಕೆ ಈ ಬಡ ಲೇಖಕ ಬಾಗಿದ್ದಾನೆ..." ಎನ್ನುವಾಗ ಬಾಗುವುದನ್ನೂ ಮಾಡಿ ತೋರಿಸಿದ. ಮೂರನೇ ಸಲ ಬಾಗಿ ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಹೊಗೆ! ಬೆಲ್ಲ, ಬೇಳೆ ಎರಡೂ ಪಾತ್ರೆಯ ತಳಕ್ಕೆ ಕರ್ರಗೆ ಹತ್ತಿಕೊಂಡಿದ್ದವು.

"ಇದೇನ್ರಿ ಮಾಡಿದ್ರಿ!"

"ಭಾಷಣದ ಭರಾಟ್ಯಾಗ..."

"ಹೊರಗ ಹೋಗಿ ಕೂಡ್ರಿ. ನೀವು ಒಳಗಿದ್ರ ಮನಿ ಸುಡತೀರಿ."

ಅವಳು ಮತ್ತೆ ಬೇಳೆ ಬೇಯಿಸಿದಳು, ಮತ್ತೆ ರುಬ್ಬಿದಳು. ಬಂದ ಮಂದಿಯನ್ನು ನೋಡಿ ಮತ್ತೊಮ್ಮೆ ಅಕ್ಕಿ ಇಟ್ಟಳು. ಊಟ ಮಾತ್ರ ಊಟವೇ ಆಯಿತು! ಹೋಳಿಗೆಯ ಮೇಲೆ ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಂಡಕ್ಟರುಗಳು ಟಿಕೆಟು ಹರಿದಷ್ಟು ವೇಗದಲ್ಲಿ ಹೋಳಿಗೆ ಹರಿದರು. ಶಾಜಿಯಾ ಬಂದು ಮೂಲೆಯಲ್ಲಿ ಕೂತಿದ್ದಳು. ದಿನಾ ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ. ಅವಳ ಮುಂದೆ ತಾಟಿರಲಿಲ್ಲ.

ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಕೂತರು. ಬಸ್ಸಪ್ಪ ಗೋಡೆಗೆ ಒರಗಿ, "ಹಾಂ, ಈಗ ಪುಸ್ತಕದ ಬಗ್ಗೆ ಹೇಳ್ರಿ" ಅಂದ.

ಹುಸೇನಪ್ಪನ ಎದೆ ಉಬ್ಬಿತು. ಮೊದಲು ಎದ್ದವರು ಆದಪ್ಪ ಮಾಸ್ತರರೇ. ಗಂಟಲು ಸರಿಮಾಡಿಕೊಂಡು ಅವರೆಂದರು: "ಏನ್ ಹೇಳಬೇಕ್ರಿ? ಇಂಥಾ ಹೂರಣ ನಮ್ಮವ್ವ ಸತ್ತ ಮ್ಯಾಲ ಇವತ್ತ ಉಂಡೆ." ಕೂತರು.

"ಪುಸ್ತಕದ ಬಗ್ಗೆ, ಸರ್..." ಬಸ್ಸಪ್ಪ ನೆನಪಿಸಿದ.

"ಪುಸ್ತಕಾನೂ ಹಂಗ ಐತಿ. ಮೆತ್ತಗ."

ಬೀಗರು ಕಟ್ಟಿನ ಸಾರಿನ ಬಗ್ಗೆ ಎರಡು ಮಾತನಾಡಿದರು. ಡ್ರೈವರು ಎಣ್ಣೆಗಾಯಿಯನ್ನು ಸಮರ್ಥಿಸಿದ. ಸುನೀಲ ಬಾಯಿ ತೆರೆದು "ಬೆಂಕಿ ಐತಿ ಮಾಮಾ, ಆದ್ರ..." ಎಂದವನು ಖಾಲಿಯಾದ ತುಪ್ಪದ ಗಿಂಡಿಯನ್ನು ನೋಡಿ ಬಾಯಿ ಮುಚ್ಚಿದ. ಆಮೇಲೆ ಎಲ್ಲರೂ ಮೇಲೆ ನೋಡುತ್ತಾ ಕೂತರು. ಎಣಿಸೋಣವೆಂದರೆ ಮನೆಗೆ ಜಂತೆಯೂ ಇರಲಿಲ್ಲ, ಆರ್.ಸಿ.ಸಿ. ಛತ್ತು!

ಬಸ್ಸಪ್ಪ ನಿಟ್ಟುಸಿರು ಬಿಟ್ಟ. "ಹುಸೇನಪ್ಪರ, ಓದುಗರ ಅಭಿಪ್ರಾಯ ಕೇಳಿ ನನಗ ಒಂದು ಖಾತ್ರಿ ಆತು." ಸುಕನ್ಯಾಳತ್ತ ತಿರುಗಿದ. "ವೈನೀ, ನೀವೊಂದು ಅಡಿಗಿ ಪುಸ್ತಕ ಬರೀರಿ. ನಾಳಿಗೇ ಅಚ್ಚು ಹಾಕತೀನಿ! ಆ ಏಳನೇ ಕ್ವಾಟಿ ಮಾತು... ಮುಂದ ನೋಡೋಣು."

ಎದ್ದು ಚಪ್ಪಲಿ ಹುಡುಕತೊಡಗಿದ. ಹುಸೇನಪ್ಪನಿಗೆ ಕಣ್ಣು ಕತ್ತಲಾಯಿತು. ಒಂದು ವರ್ಷದ ಬರಹ ಎರಡು ಬುಟ್ಟಿ ಹೋಳಿಗೆಯ ಅಡಿಯಲ್ಲಿ ಹೂತುಹೋಗಿತ್ತು. ಅದನ್ನು ಹೂತವನೂ ಅವನೇ. ಪಾಪ ಅನಿಸದೆ ಇರುತ್ತದೆಯೇ?

ಆಗ ಮೂಲೆಯಿಂದ ಶಾಜಿಯಾ ಅಂದಳು: "ನಾ ಒಂದು ಕೇಳಲೇನ್ರಿ ಕಾಕಾ? ಆ ಮಾಳು ಮೂರು ದಿನ ಆಟದಾಗ ಅದಾನ. ಒಂದ್ಸಲನೂ ಅವಗ ಹಸಿವಾಗಂಗಿಲ್ಲೇನು?"

ಎಲೆ ಅಡಿಕೆ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

"ಹಸಿವಾ?"

"ಹೌದ್ರಿ. ನೀರು ಸುದ್ದಾ ಕುಡಿಯಂಗಿಲ್ಲ. ಅಂಜಂಗೂ ಇಲ್ಲ. ನಾ ಮುಂಜಾನಿಂದ ಉಂಡಿಲ್ಲ, ಈಗ ಹೊಟ್ಟಿ ಚುರ್ ಅಂತೈತಿ. ಅವಂಗ ಯಾಕ ಅನ್ನಂಗಿಲ್ಲ? ಅದೊಂದು ನಂಬಿಕಿ ಬರಲಿಲ್ಲ ನೋಡ್ರಿ." ಅವಳು ತುಸು ಅಳುಕಿದಳು. "ಸಿಟ್ಟಾಗಬ್ಯಾಡ್ರಿ ಕಾಕಾ. ರೋಜಾದಾಗ ಸುಳ್ಳು ಹೇಳಬಾರದು. ಮೂರನೇ ಕ್ವಾಟಿ ಮಾತ್ರ ಓದಿಕೋತ ಕೂತು ಬಸ್ಸಿನ್ಯಾಗ ನನ್ನ ಕಾಲೇಜ್ ಸ್ಟಾಪ್ ದಾಟಿ ಹೋಗಿತ್ತು, ಅದೂ ಖರೇನ!"

ಬಸ್ಸಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.

ಒಡ್ಡು ಒಡೆದದ್ದೇ ತಡ, ಎಲ್ಲರ ಬಾಯಿಗೂ ಜೀವ ಬಂತು. "ಅದ ನಾನೂ ಹೇಳಾವ ಇದ್ದೆ!" ಎಂದು ಸುನೀಲ ಜಿಗಿದ. "ಗೇಮಿನಾಗ ಸಾಯಬೇಕು ಮಾಮಾ, ಸತ್ತು ಮತ್ತ ಮೊದಲಿಂದ ಆಡಬೇಕು. ನಿಮ್ಮ ಮಾಳು ಒಂದ ಏಟಿಗೆ ಎಲ್ಲಾ ಗೆಲ್ಲತಾನ. ಹಂಗಾದ್ರ ಅದು ಆಟ ಹೆಂಗಾತು?"

"ಆರು ಕ್ವಾಟಿ ಗೆದ್ದು ಹುಡುಗ ಕಲ್ತಿದ್ದೇನು? ನೀತಿ ಎಲ್ಲೈತಿ?" ಎಂದು ಆದಪ್ಪನವರು ಹೋಳಿಗೆಯ ಋಣ ಹರಿದುಕೊಂಡರು.

"ನೀತಿ ನಿಮ್ಮ ಪಾಠದ ಪುಸ್ತಕದಾಗ ಇರಲಿ ಸರ್! ಹಾವಿನ ಸೇತುವಿ ದಾಟೋದು ಓದೀರೇನು ನೀವು? ಮೈ ಝುಂ ಅಂತೈತಿ!" ಎಂದು ಸುನೀಲ ತಿರುಗಿಬಿದ್ದ.

"ಓದೀನಿ. ಎರಡು ಸಲ ಓದೀನಿ. ಅದಕ್ಕ ಕೇಳಾಕತ್ತೀನಿ!"

ಓದದ ಕಂಡಕ್ಟರನೊಬ್ಬ ಎರಡೂ ಪಕ್ಷಕ್ಕೆ ತಲೆಯಾಡಿಸಿ, ಕೊನೆಗೆ ತಡೆಯಲಾರದೆ ಒಂದು ಪ್ರತಿ ಕೇಳಿ ಇಸಿದುಕೊಂಡ. ಜಗಳ ಬಾಗಿಲು ದಾಟಿ ಓಣಿಗೆ ಬಂತು. ಹುಸೇನಪ್ಪ ನಡುವೆ ನಿಂತು ಒಮ್ಮೆ ನಗುವನು, ಒಮ್ಮೆ ಹುಬ್ಬು ಗಂಟಿಕ್ಕುವನು. ಬಯ್ಯುತ್ತಿದ್ದರು, ನಿಜ. ಆದರೆ ಅವನ ಮಾಳುವನ್ನು ಪಕ್ಕದ ಓಣಿಯ ಹುಡುಗನೆಂಬಂತೆ ಬಯ್ಯುತ್ತಿದ್ದರು!

"ಸಾಕು!" ಎಂದು ಬಸ್ಸಪ್ಪ ಕೈ ಎತ್ತಿದ. "ಇಷ್ಟು ಜಗಳ ಹಚ್ಚೋ ಪುಸ್ತಕ ನಾ ಬಿಡಂಗಿಲ್ಲ. ಎರಡನೇ ಭಾಗ ಬರೀರಿ. ಆದ್ರ ಆ ಹುಡುಗಗ ಹಸಿವಾಗಬೇಕು, ಹೇಳಿರತೀನಿ!"

ಮಂದಿ ಹೋದರು. ಹೊತ್ತು ಮುಳುಗಿತು, ಆಜಾನ್ ಕೇಳಿತು. ಮನೆಯಲ್ಲಿ ಖರ್ಜೂರ ತಿಂದು ರೋಜಾ ಬಿಟ್ಟು ಬಂದ ಶಾಜಿಯಾಗೆ ಸುಕನ್ಯಾ ಎತ್ತಿಟ್ಟಿದ್ದ ಹೋಳಿಗೆ ನೀಡಿದಳು. ಹುಸೇನಪ್ಪ ಅವಳು ಎರಡನೆಯದನ್ನು ಮುಗಿಸುವವರೆಗೆ ಕಾದು, ಮೆಲ್ಲಗೆ ಕೇಳಿದ: "ಈಗ ಹೇಳವ್ವಾ, ಕಾದಂಬರಿ ಹೆಂಗೈತಿ?"

"ಒಂದೂ ತಪ್ಪಿಲ್ರಿ ಕಾಕಾ!" ಎಂದು ಶಾಜಿಯಾ ತುಂಬಿದ ಬಾಯಲ್ಲೇ ನಕ್ಕು, ಮನೆಗೆ ಓಡಿದಳು.

"ನೋಡಿದೇನು ಹೋಳಗಿ ಪವಾಡ!" ಎಂದು ಹುಸೇನಪ್ಪ ಹೆಂಡತಿಯತ್ತ ತಿರುಗಿದ. ಸುಕನ್ಯಾ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ 'ಏಳನೇ ಕೋಟೆ' ಇತ್ತು.

"ಊರ ಮಂದೀನ್ನೆಲ್ಲಾ ಕೇಳಿದ್ರಿ. ನನ್ನ ಕೇಳಲಿಲ್ಲ."

"ನೀ ಓದೀಯೇನು?"

"ಓದೀನಿ. ಎಕ್ಸಿಬಿಷನ್‌ದಾಗ ಆ ಕನ್ನಡಕ ಹಾಕ್ಕೊಂಡು ಚಿಟ್ಟನ ಚೀರಿ ನನ್ನ ಕೈ ಹಿಡಕೊಂಡ್ರಿ. ಬಳಿ ಎಲ್ಲಾ ಒಡದ್ವು. ನಿಮ್ಮ ಮಾಳು ಯಾವುದಕ್ಕೂ ಅಂಜಂಗಿಲ್ಲ. ಇರಲಿ ಬಿಡ್ರಿ. ಮಾಳುನ ತಾಯಿ ತಾಟು ಹಿಡಕೊಂಡು ಅವನ ಕ್ವಾಣಿ ಬಾಗಲದಾಗ ನಿಂತಾಳಲ್ಲ, ಊಟಕ್ಕ ಬಾ ಅಂತ? ಪುಸ್ತಕ ಮುಗದ್ರೂ ಅಲ್ಲೇ ನಿಂತಾಳ. ಮಾಳು ಕ್ವಾಟಿ ಬಾಗಲದಾಗ ನಿಂತಾನ ಅಂತ ಎಲ್ಲಾರೂ ಚಿಂತಿ ಮಾಡಿದ್ರಿ. ಆಕಿ ಕಾಲು ನೋಯಂಗಿಲ್ಲೇನು?"

ಹುಸೇನಪ್ಪನಿಗೆ ಥಟ್ಟನೆ ಆ ತಾಯಿ ಯಾರೆಂದು ತಿಳಿಯಿತು. ಒಂದು ವರ್ಷ ಬಾಗಿಲ ಹೊರಗೆ ನಿಂತವಳನ್ನು ಅವನು ಪುಸ್ತಕದೊಳಗೂ ಹೊರಗೇ ನಿಲ್ಲಿಸಿದ್ದ. ಆದರೂ ಗಂಡಸಲ್ಲವೇ, ಮಾತು ಹಾರಿಸಿದ.

"ಉಂಡ ಮನಿ ಜಂತಿ ಎಣಿಸಬಾರದು ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಅದು ಉಂಡವರಿಗೆ. ನಾ ಮುಂಜಾನಿಂದ ಬರೇ ನೀಡೀನಿ, ಇನ್ನೂ ಉಂಡಿಲ್ಲ."

ಹುಸೇನಪ್ಪ ನೇರ ಅಡುಗೆಮನೆಗೆ ಹೋದ. ಹೋಳಿಗೆಯ ಬುಟ್ಟಿ ಬರಿದಾಗಿತ್ತು. ಇದ್ದದ್ದು ತಳ ಹಿಡಿದ ಅನ್ನ, ಒಂದಿಷ್ಟು ಕಟ್ಟಿನ ಸಾರು, ಮತ್ತೆ ಅವನೇ ಸುಟ್ಟ ಹೂರಣ. ಇದ್ದದ್ದನ್ನು ಬಿಸಿಮಾಡಿ, ಹೂರಣದ ಕರಿ ಕೆರೆದು, ತಾಟಿಗೆ ಬಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. ಬಸ್ಸು ಕೂಗುವ ಕಂಠವನ್ನು ಆದಷ್ಟು ಮೆತ್ತಗೆ ಮಾಡಿ ಅಂದ:

"ಸುಕನ್ಯಾ, ಏಳು. ಅನ್ನ ಆರಾಕತ್ತೈತಿ."

ಸುಕನ್ಯಾ ಪುಸ್ತಕ ತೆರೆದು ಕಣ್ಣು ನೆಟ್ಟಳು. ತಲೆ ಎತ್ತಲಿಲ್ಲ.

"ತಡೀರಿ, ಇದೊಂದು ಪುಟ ಮುಗಸ್ತೀನಿ!"