ಪ್ರಶ್ನೆಪತ್ರಿಕೆಗೊಂದು ಜಾಯ್‌ಸ್ಟಿಕ್

ಒಂದು ವಯಸ್ಸು ದಾಟಿದ ಮೇಲೆ ಆಟದ ಸಾಮಾನು ಬೇಕೆಂದು ಬಾಯಿಬಿಟ್ಟು ಕೇಳಲು ನಾಚಿಕೆಯಾಗುತ್ತದೆ. ಬೇಕೆನ್ನಿಸುವುದು ಮಾತ್ರ ನಿಲ್ಲುವುದಿಲ್ಲ. ಆಗ ಮನುಷ್ಯ ಏನಾದರೊಂದು ಉಪಯೋಗದ ಹೆಸರು ಹೇಳುತ್ತಾನೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮೊಮ್ಮಗುವಿಗೆಂದು ಗಾಳಿಪಟ ಕೊಂಡಿದ್ದರು. ಮೊಮ್ಮಗು ಇನ್ನೂ ತೊಟ್ಟಿಲಲ್ಲಿತ್ತು. ಅವರನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆದರೆ ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಗುಂಡ್ಲುಪೇಟೆಯ ಪ್ರೌಢಶಾಲೆಯಲ್ಲಿ ಗಣಿತ ಹೇಳಿ ಹೇಳಿ ನೆತ್ತಿಯ ಕೂದಲು ಕಳೆದುಕೊಂಡಿದ್ದ ನಾನೇ ಹೆಂಡತಿಗೆ, “ಪ್ರಶ್ನೆಪತ್ರಿಕೆ ತಯಾರು ಮಾಡೋಕೆ ಮನೆಗೊಂದು ಕಂಪ್ಯೂಟರ್ ಬೇಕು ಕಣೇ” ಎಂದೆ.

ನಿಜವಾಗಿ ನನಗೆ ಬೇಕಾಗಿದ್ದದ್ದು ವಿಮಾನ. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲು ಚಾಮರಾಜನಗರದ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಬಸ್ ನಿಲ್ದಾಣದ ಬಳಿ ಷಾಜಿಯ ಅಂಗಡಿಯಲ್ಲಿ ಕೂರುತ್ತಿದ್ದೆ. ಷಾಜಿ ವಯನಾಡಿನ ಕಡೆಯವನು. ಬಿಡಿಭಾಗಗಳನ್ನು ತರಿಸಿ, ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ. ಒಂದು ಸಂಜೆ ಅವನು ಅಂಗಡಿಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಹಾಕಿಕೊಟ್ಟ. ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಸದ್ದು ಎಂದಷ್ಟೇ ತಿಳಿದಿದ್ದ ನಾನು ಮೋಡದ ಮೇಲೆ ಕೂತು ಕೆಳಗೆ ನೋಡಿದೆ. ಅವತ್ತು ಬಸ್ಸು ಹೋಯಿತು. ಮರುದಿನವೂ ಹೋಯಿತು. ಒಮ್ಮೆಯೂ ಕ್ಷೇಮವಾಗಿ ಇಳಿದವನಲ್ಲ. ಹೊಲಕ್ಕೆ, ಸಮುದ್ರಕ್ಕೆ, ಯಾವುದೋ ದೊಡ್ಡ ಊರಿನ ಸೇತುವೆಗೆ, ಎಲ್ಲಕ್ಕೂ ಗುದ್ದಿದೆ. ಆದರೂ ತರಗತಿಯಲ್ಲಿ ತ್ರಿಭುಜ ಬರೆಯಲು ಹೋದರೆ ಸೀಮೆಸುಣ್ಣ ತಾನಾಗಿ ರೆಕ್ಕೆ ಬರೆಯುತ್ತಿತ್ತು.

ಮಂಗಳಾ, ಅಂದರೆ ನನ್ನ ಹೆಂಡತಿ, ಚಾಮರಾಜನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಇಬ್ಬರೂ ಸೇರಿ ಹಾಕಿದ್ದ ಚೀಟಿಯ ಹಣಕ್ಕೆ ನಡುಮಟ್ಟದ ಕಂಪ್ಯೂಟರ್ ಬರುತ್ತಿತ್ತು. ಈ ನಡುಮಟ್ಟ ಎನ್ನುವುದಿದೆಯಲ್ಲ, ಅದರಷ್ಟು ತಲೆನೋವು ಬೇರೆ ಇಲ್ಲ. ಕೈ ಖಾಲಿಯಿದ್ದವನು ಸಿಕ್ಕಿದ್ದನ್ನು ಒಯ್ಯುತ್ತಾನೆ, ಕೈ ತುಂಬಿದವನು ಬೇಕಾದ್ದನ್ನು ಒಯ್ಯುತ್ತಾನೆ. ನಡುವಿನವನು ಪ್ರತಿಯೊಂದು ಭಾಗದ ಮುಂದೆಯೂ ನಿಂತು ಕೊರಗಬೇಕು. ವೇಗದ ಪ್ರೊಸೆಸರ್ ಹಾಕಿಸಿದರೆ ಮೆಮೊರಿ ಇಳಿಯುತ್ತದೆ, ಮೆಮೊರಿ ಏರಿಸಿದರೆ ಮಾನಿಟರ್ ಕುಗ್ಗುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಒಂದೇ ಕಂಬಳಿ ಎಳೆದಾಡಿದ ಹಾಗೆ, ಒಬ್ಬನ ಕಾಲು ಮುಚ್ಚಿದರೆ ಇನ್ನೊಬ್ಬನದು ಹೊರಗೆ. ನನಗೋ ಪ್ರೊಸೆಸರಿನ ಗೀಳು. ಷಾಜಿ ಒಪ್ಪಲಿಲ್ಲ. “ಅದೊಂದೇ ದೊಡ್ಡದಾದ್ರೆ ಪ್ರಯೋಜನ ಇಲ್ಲ ಸಾರೇ. ಗ್ರಾಫಿಕ್ಸ್ ಕಾರ್ಡ್ ಇಲ್ಲಾಂದ್ರೆ ನಿಮ್ಮ ವಿಮಾನ ಎತ್ತಿನ ಗಾಡಿ ಥರ ಹೋಗ್ತದೆ” ಎಂದ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದೆ. ಗ್ರಾಫಿಕ್ಸ್ ಕಾರ್ಡು ಬಂತು, ಸೌಂಡ್ ಕಾರ್ಡು ಬಂತು, ಕೊನೆಗೆ ವಿಮಾನ ಏರಿಸಲು ಹಿಂದಕ್ಕೆ ಎಳೆಯುವ ಜಾಯ್‌ಸ್ಟಿಕ್ ಎಂಬ ಹಿಡಿಕೆಯೂ ಬಂತು. “ಮನೆಯವರ ಮುಂದೆ ಮಾತ್ರ ವಿಮಾನದ ಸುದ್ದಿ ಎತ್ತಬೇಡಪ್ಪ” ಎಂದು ಬೇಡಿಕೊಂಡೆ. “ಇಲ್ಲ ಸಾರೇ” ಎಂದ. ಆದರೆ ಸುಳ್ಳು ಹೇಳಲು ಬಾರದ ಮುಖ ಅವನದು.

ಎರಡನೇ ಶನಿವಾರ ಮಂಗಳಾ ಗುಂಡ್ಲುಪೇಟೆಗೆ ಬಂದಳು. ಮಾನಿಟರನ್ನು ಬಸ್ಸಿನಲ್ಲಿ ಹಿಡಿದುಕೊಳ್ಳಲೆಂದು ಹರದನಹಳ್ಳಿಯಿಂದ ತಮ್ಮ ಮಾದೇವನನ್ನೂ ಕರೆತಂದಿದ್ದಳು. ಅಂಗಡಿಗೆ ಬಂದವಳೇ ಒಂದೊಂದು ಡಬ್ಬವನ್ನೂ ಎತ್ತಿ ನೋಡತೊಡಗಿದಳು.

“ಪ್ರಶ್ನೆಪತ್ರಿಕೆಗೆ ಈ ಗ್ರಾಫಿಕ್ಸ್ ಕಾರ್ಡ್ ಯಾಕಪ್ಪ?”

ಷಾಜಿ ನನ್ನ ಮುಖ ನೋಡಿದ. “ರೇಖಾಗಣಿತ ಬರುತ್ತಲ್ಲ, ವೃತ್ತ ದುಂಡಗೆ ಬರಬೇಕು” ಎಂದೆ ನಾನು.

“ಈ ಸೌಂಡ್ ಕಾರ್ಡು?”

“ತಪ್ಪು ಬರೆದರೆ ಕೂಗಿ ಹೇಳುತ್ತೆ.”

ಮಾದೇವನಿಗೆ ಭಾರಿ ಸಂತೋಷವಾಯಿತು. “ಬಾವ, ಉತ್ರನೂ ಅದೇ ಕೊಟ್ಬುಡ್ತದಾ? ಇಲ್ಲ, ಬರೀ ಪ್ರಶ್ನೆನಾ?” ಎಂದು ಕೇಳುತ್ತ ಮೂಲೆಯಲ್ಲಿದ್ದ ಇನ್ನೊಂದು ಡಬ್ಬ ಬಿಚ್ಚಿ, ಜಾಯ್‌ಸ್ಟಿಕ್ ಈಚೆಗೆ ತೆಗೆದ. “ಇದೇನ್ ಬಾವ ಇದು, ಟ್ರ್ಯಾಕ್ಟರ್ ಗೇರಿನಂಗದೆ!”

ರೇಖಾಗಣಿತದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬೀಜಗಣಿತದಲ್ಲೂ ಹುಡುಕಿದೆ, ಸಿಗಲಿಲ್ಲ. ಷಾಜಿ ಸ್ಕ್ರೂಡ್ರೈವರನ್ನು ಒರೆಸುತ್ತ ನಿಂತುಬಿಟ್ಟ. ಮಂಗಳಾ ಹಿಡಿಕೆಯನ್ನು ತಮ್ಮನ ಕೈಯಿಂದ ತೆಗೆದುಕೊಂಡು ನನ್ನತ್ತ ತಿರುಗಿದಳು.

“ನಂಗೆ ಆಗ್ಲೇ ಗೊತ್ತಾಗಿತ್ತು ಕಣ್ರೀ. ಊಟಕ್ಕೆ ಕೂತ್ಕೊಂಡು ಸಾರಿನ ಸೌಟನ್ನ ಹಿಂದಕ್ಕೆ ಎಳೀತಿದ್ರಲ್ಲ, ಬಾಯಲ್ಲಿ ಬುರ್ ಅಂತ ಸದ್ದು ಬೇರೆ! ಆಸೆ ಅಂತ ಹೇಳಿದ್ರೆ ನಾನು ಬ್ಯಾಡ ಅಂತಿದ್ನಾ?”

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳ ದನಿಯಲ್ಲಿ ಇದ್ದದ್ದು ಬೇಜಾರು. ತನ್ನ ಜೊತೆ ಆಸೆ ಹೇಳಿಕೊಳ್ಳಲೂ ಇವನಿಗೆ ನೆಪ ಬೇಕಾಯಿತಲ್ಲ ಎಂಬ ಬೇಜಾರು. “ನಾಚಿಕೆ ಆಯ್ತು ಕಣೇ” ಎಂದೆ. ಅದೊಂದು ಮಾತು ಮಾತ್ರ ಅವತ್ತು ನಾನು ಆಡಿದ ನಿಜ. ಅವಳು ಹಿಡಿಕೆಯನ್ನು ಮತ್ತೆ ಡಬ್ಬದೊಳಗಿಟ್ಟು ಷಾಜಿಗೆ ಹೇಳಿದಳು: “ಈ ಮಾನಿಟರ್ ಚಿಕ್ಕದಾಯ್ತು ಕಣಪ್ಪ. ಇದಕ್ಕಿಂತ ದೊಡ್ಡದು ಹಾಕು. ನಾನೂ ನೋಡ್ಬೇಕಲ್ಲ.” ಅದಕ್ಕಾಗಿ ಹಾರ್ಡ್ ಡಿಸ್ಕು ಕುಗ್ಗಿತು. ಯಾರೂ ಕೊರಗಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ಮಾನಿಟರಿಗೂ ಟಿಕೆಟ್ ಕೇಳಿದ. “ಮಡ್ಲಲ್ಲಿ ಕೂತದೆ ಕಣಣ್ಣ, ಮಡ್ಲು ಮಕ್ಳಿಗೆ ಟಿಕೀಟ್ ಎಲ್ಲದೆ?” ಎಂದು ಮಾದೇವ ಅದನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. ಕಂಡಕ್ಟರು ನಕ್ಕು ಮುಂದೆ ಹೋದ.

ಮನೆಯಲ್ಲಿ ಎಲ್ಲರೆದುರು ನಾನೇ ಮೊದಲು ಹಾರಿಸಿದೆ. ಚೆನ್ನಾಗಿಯೇ ಏರಿತು, ಚೆನ್ನಾಗಿಯೇ ಬಿತ್ತು. ಮತ್ತೆ ಹಾರಿಸಿದೆ, ಮತ್ತೆ ಬಿತ್ತು. ಮಾದೇವ ಪ್ರತಿಸಲವೂ “ಅಯ್ಯೋ ಜನ!” ಎಂದು ಮರುಗಿದ. ಮಂಗಳಾ ಹಿಂದೆ ನಿಂತು ನೋಡುತ್ತಿದ್ದವಳು, “ನೆಲ ಕಂಡ್ರೆ ಸಾಕು, ಗಾಬರಿ ಬೀಳ್ತೀರಿ. ಏಳಿ ಸ್ವಲ್ಪ” ಎಂದಳು. ಅವಳೂ ಮೊದಮೊದಲು ಬೀಳಿಸಿದಳು. ಆದರೆ ಆ ವಾರ ಕಳೆಯುವುದರೊಳಗೆ ವಿಮಾನ ಅವಳ ಕೈಯಲ್ಲಿ ಕೊಕ್ಕರೆ ಕೆರೆಗೆ ಇಳಿದಂತೆ ಇಳಿಯಿತು.

ಆಮೇಲೆ ಕುರ್ಚಿ ಅವಳದಾಯಿತು. ಸಂಜೆ ಕಚೇರಿಯಿಂದ ಬಂದು ಕಾಫಿ ಕುಡಿದು, “ಎಲ್ಲಿಗೆ ಹೋಗನ ಇವತ್ತು?” ಎಂದು ಕೇಳುತ್ತಾಳೆ. ನಾನು ಊರಿನ ಹೆಸರು ಹೇಳಿ ಪಕ್ಕದ ಸ್ಟೂಲಿನಲ್ಲಿ ಕೂರುತ್ತೇನೆ. ಅವಳು “ಇಳಿಸ್ತೀನಿ” ಎಂದಾಗ, ನೆಲ ನನ್ನ ಪಾದದ ಕೆಳಗೇ ಇದೆಯೆಂದು ಗಣಿತದ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿದ್ದರೂ, ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದುಕೊಂಡು ಕಣ್ಣು ಮುಚ್ಚುತ್ತೇನೆ.