ಕಛೇರಿಗೆ ಹೋದದ್ದು ಅರ್ಧ ಗಾಡಿ

ನಾನು ಮೂವತ್ತೆರಡು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಈ ಮಾತನ್ನು ಈಗ ಯಾರ ಮುಂದೆ ಹೇಳಿದರೂ ನನ್ನ ಹೆಂಡತಿ ರೇಣುಕಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋಗುತ್ತಾಳೆ. ಹೋಗಿ ನಗುತ್ತಾಳೆ ಎಂಬುದು ನನಗೂ ಗೊತ್ತು, ಬಂದವರಿಗೂ ಗೊತ್ತು. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಹಾಲಸ್ವಾಮಿ ಎಂಬ ಹೆಸರಿಗೆ ಇದ್ದ ಅಷ್ಟಿಷ್ಟು ಘನತೆಯೂ ಜರ್ಮನಿಯ ಹಳಿಗಳ ಮೇಲೆ ಬಿದ್ದುಹೋಯಿತು. ಅದು ಹೇಗೆ ಬಿತ್ತು ಎಂಬುದನ್ನು ಅವಳಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ. ನನ್ನದರಲ್ಲಿ ಸ್ವಲ್ಪ ಕರುಣರಸವಿದೆ.

ನಿವೃತ್ತನಾದ ಮೇಲೆ ನನಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಹತ್ತಿತು. ಒಂದು ದಿನ ಮೊಬೈಲಿನಲ್ಲಿ ಏನನ್ನೋ ಒತ್ತಲು ಹೋಗಿ ಏನೋ ಒತ್ತಿದೆ. ಕರಿ ಕೋಟಿನ ಎಂಬತ್ತು ಜನ ಕಾಣಿಸಿದರು. ಒಬ್ಬ ಕಡ್ಡಿ ಎತ್ತಿದ. ಎಂಬತ್ತೂ ಜನ ಒಂದೇ ಕ್ಷಣಕ್ಕೆ ಹೊರಟು, ಮುಕ್ಕಾಲು ಗಂಟೆ ಓಡಿ, ಒಂದೇ ಕ್ಷಣಕ್ಕೆ ನಿಂತರು. ನನ್ನ ಕಣ್ಣಲ್ಲಿ ನೀರು ಬಂತು. (ಸಿಗ್ನಲ್ ಬಿದ್ದ ಕ್ಷಣಕ್ಕೆ ಹೊರಟು ಹೇಳಿದ ಕ್ಷಣಕ್ಕೆ ಮುಟ್ಟುವುದನ್ನು ನಾನು ಕನಸಿನಲ್ಲಿ ಮಾತ್ರ ಕಂಡಿದ್ದೆ.) ಸಾಯುವುದರೊಳಗೆ ಒಮ್ಮೆ ಇದನ್ನು ಕಣ್ಣಾರೆ ನೋಡಬೇಕು ಎಂದು ಅಂದೇ ತೀರ್ಮಾನಿಸಿದೆ.

ಯೋಜನೆ ಸಿದ್ಧವಾಯಿತು. ಒಟ್ಟು ಐದು ದಿನ. ಬರ್ಲಿನ್‌ನಲ್ಲಿ ಇಳಿಯುವುದು, ಎರಡು ದಿನ ಊರು ನೋಡುವುದು, ಭಾನುವಾರ ರೈಲಿನಲ್ಲಿ ಕೊಲೋನ್‌ಗೆ ಹೋಗಿ ಮಧ್ಯಾಹ್ನ ನಾಲ್ಕಕ್ಕೆ ಸಂಗೀತ ಕೇಳುವುದು, ಮತ್ತೆ ರೈಲು, ವಿಮಾನ, ಮನೆ. ಏಳು ಪುಟದ ವೇಳಾಪಟ್ಟಿ ಬರೆದೆ. ಹೊಸದುರ್ಗದಲ್ಲಿರುವ ನನ್ನ ಭಾವಮೈದುನ ಶಿವಕುಮಾರಪ್ಪನಿಗೆ ಫೋನು ಮಾಡಿ, ಒಂದು ಕಛೇರಿಗಾಗಿ ಜರ್ಮನಿಗೆ ಹೊರಟಿದ್ದೇವೆ ಎಂದೆ. ಅವನು, ಪಿಂಚಣಿ ಕೆಲಸ ಹುಬ್ಬಳ್ಳಿ ಕಛೇರಿಯಲ್ಲೇ ಆಗುವುದಿಲ್ಲವೇ ಎಂದು ಕೇಳಿದ.

ರೇಣುಕಮ್ಮನಿಗೆ ಇದು ಒಂದಿಷ್ಟೂ ಇಷ್ಟವಿರಲಿಲ್ಲ. ನನ್ನ ಹೆಡ್‌ಫೋನಿನಿಂದ ಸೋರುತ್ತಿದ್ದ ಸಂಗೀತ ಅವಳಿಗೆ ಪಕ್ಕದ ಮನೆಯವರು ಬೀರು ಎಳೆದಾಡಿದ ಹಾಗೆ ಕೇಳಿಸುತ್ತಿತ್ತಂತೆ. ಆದರೂ ನಾನು ಬಿಡದೆ ಮೂರು ತಿಂಗಳು ಹಾಲ್‌ನಲ್ಲಿ ಕೂರಿಸಿ ತರಬೇತಿ ಕೊಟ್ಟೆ. ನಡುವೆ ಸಂಗೀತ ನಿಂತರೂ ಚಪ್ಪಾಳೆ ತಟ್ಟಕೂಡದು. ಮೊಬೈಲು ಸಂಪೂರ್ಣ ಆಫ್ ಆಗಿರಬೇಕು. ಮಾತಾಡಕೂಡದು, ಕೆಮ್ಮಕೂಡದು.

"ಕೆಮ್ಮು ಬಂದ್ರೆ?" ಎಂದಳು.

"ನುಂಗ್ಬೇಕು."

"ದುಡ್ಡು ಕೊಟ್ಟು ಕೆಮ್ಮು ನುಂಗಾಕೆ ಅಲ್ಲಿಗಂಟ ಹೋಗ್ಬೇಕೇನ್ರಿ?"

ಹೊರಡುವ ದಿನ ಅವಳ ಸೂಟ್‌ಕೇಸು ನೋಡಿ ನನಗೆ ತಲೆ ತಿರುಗಿತು. ಶೇಂಗಾ ಹೋಳಿಗೆ, ಚಟ್ನಿಪುಡಿ, ಖಾರ ಮಂಡಕ್ಕಿ, ಅದರ ಮೇಲೆ ನೆಪಕ್ಕೆ ಎರಡು ಸೀರೆ. ಯುರೋಪಿನಲ್ಲಿ ಮಂಡಕ್ಕಿ ಮುಕ್ಕುತ್ತಾ ಕೂತರೆ ದೇಶದ ಮಾನ ಏನಾಗಬೇಕು ಎಂದು ನಾನು ಭಾಷಣ ಮಾಡಿದೆ. ಅವಳು ಮಂಡಕ್ಕಿಯ ಪೊಟ್ಟಣವನ್ನು ಒತ್ತಿ ಇನ್ನೊಂದಕ್ಕೆ ಜಾಗ ಮಾಡಿದಳು.

ಭಾನುವಾರದ ರೈಲು ಅದ್ಭುತವಾಗಿತ್ತು. ನಾನು ಕೋಟು ಬಿಚ್ಚಿ ಮೊಬೈಲನ್ನು ಚಾರ್ಜಿಗೆ ಹಾಕಿ ಕೂತೆ. ರೈಲಿನ ಟಿಕೆಟ್ಟು, ಸಂಗೀತದ ಟಿಕೆಟ್ಟು ಎರಡೂ ರೇಣುಕಮ್ಮನ ಮೊಬೈಲಿನಲ್ಲಿದ್ದವು. ಎದುರಿಗೆ ಬೆಳ್ಳಿ ಕೂದಲಿನ ಜರ್ಮನ್ ಮುದುಕಿಯೊಬ್ಬಳು ಕೂತಿದ್ದಳು. ಧರ್ಮಪುರದ ಬಸ್ಸಿನಲ್ಲಿ ಹಿರಿಯೂರು ಮುಟ್ಟುವುದರೊಳಗೆ ಪಕ್ಕದವರ ಮೂರು ತಲೆಮಾರು ತಿಳಿದುಕೊಳ್ಳುವ ನನ್ನ ಹೆಂಡತಿ ಅರ್ಧ ಗಂಟೆ ಹೇಗೋ ತಡೆದುಕೊಂಡಳು. ಆಮೇಲೆ ಹೋಳಿಗೆ ಹೊರಗೆ ಬಂತು. ಮುದುಕಿಯ ಹೆಸರು ಹೆಲ್ಗಾ ಎಂದು ಗೊತ್ತಾಯಿತು. ಇನ್ನೊಂದು ಹೋಳಿಗೆ ಮುಗಿಯುವ ಹೊತ್ತಿಗೆ ಅವಳು ಹೆಲ್ಗಕ್ಕ ಆಗಿದ್ದಳು. ಇವಳದು ಕನ್ನಡ, ಅವಳದು ಜರ್ಮನ್. ಇಬ್ಬರೂ ಮಂಡಿ ತೋರಿಸಿಕೊಂಡು ಮಾತಾಡುತ್ತಿದ್ದುದರಿಂದ ವಿಷಯ ಮಂಡಿನೋವು ಎಂದು ನನಗೂ ತಿಳಿಯಿತು. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ.

ಗಾರ್ಡ್ ಆಗಿದ್ದವನಿಗೆ ಒಂದು ರೋಗವಿರುತ್ತದೆ. ಕೊನೆಯ ಡಬ್ಬಿಯನ್ನು ನೋಡದೆ ರೈಲಿನಲ್ಲಿ ನೆಮ್ಮದಿಯಿರುವುದಿಲ್ಲ. ದಾರಿಯಲ್ಲಿ ಒಂದು ಊರಿನಲ್ಲಿ ರೈಲು ನಿಂತಿತು. ಊರಿನ ಹೆಸರು ಹಮ್. (ನನ್ನ ಹಮ್ಮು ಮುರಿದದ್ದು ಇಲ್ಲೇ. ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆದು ಎಚ್ಚರಿಸಿದ್ದರೂ ನಾನು ಗಮನಿಸಲಿಲ್ಲ.) ಧ್ವನಿವರ್ಧಕದಲ್ಲಿ ಜರ್ಮನ್‌ನಲ್ಲಿ ಏನೇನೋ ಹೇಳುತ್ತಿದ್ದರು. ಹೆಲ್ಗಕ್ಕ ನನ್ನ ಕಡೆ ತಿರುಗಿ ಎರಡು ಬೆರಳು ಜೋಡಿಸಿ ಬೇರೆ ಮಾಡಿ ತೋರಿಸಿದಳು. ರೈಲಿನ ವಿಷಯ ನನಗೇ ಹೇಳುತ್ತಾಳಲ್ಲ ಎಂದು ನಕ್ಕು, ಈಗ ಬಂದೆ ಎಂದು ಇಳಿದೆ. ಉದ್ದನೆಯ ಪ್ಲಾಟ್‌ಫಾರ್ಮಿನಲ್ಲಿ ನಡೆದು ಹೋಗಿ ಕೊನೆಯ ಡಬ್ಬಿಯ ಕೆಂಪು ದೀಪ ನೋಡಿ ಕಣ್ತುಂಬಿಸಿಕೊಂಡೆ. ಹಿಂತಿರುಗುವಾಗ ಬಾಗಿಲುಗಳು ಕುಂಯ್‌ಗುಡತೊಡಗಿದವು. ಹತ್ತಿರದ ಬಾಗಿಲಿಗೆ ಹಾರಿದೆ. ಒಳಗೊಳಗೇ ಮುಂದಕ್ಕೆ ನಡೆದರಾಯಿತು ಎಂಬ ಲೆಕ್ಕ.

ನಡೆದೆ. ಒಂದು ಕಡೆ ದಾರಿ ಮುಗಿದು ಗೋಡೆ ಬಂತು. ಕಿಟಕಿಗೆ ಕೆನ್ನೆ ಒತ್ತಿ ನೋಡಿದರೆ ಮುಂದಿನ ಅರ್ಧ ರೈಲು ಮೆಲ್ಲಗೆ ದೂರ ಸರಿಯುತ್ತಿತ್ತು. ಒಂದಿಷ್ಟೂ ಜಗ್ಗಲಿಲ್ಲ, ಸದ್ದಿಲ್ಲ. ಭೇಷ್, ಎಷ್ಟು ನಾಜೂಕಾಗಿ ಬಿಡಿಸಿದರು ಎಂದುಕೊಂಡೆ. ಬಿಡಿಸಿದ್ದು ನನ್ನನ್ನೂ ನನ್ನ ಹೆಂಡತಿಯನ್ನೂ ಎಂದು ಹೊಳೆಯಲು ನಾಲ್ಕು ಸೆಕೆಂಡು ಹಿಡಿಯಿತು.

ನನ್ನ ಅರ್ಧ ಡುಸೆಲ್‌ಡಾರ್ಫ್ ಎಂಬ ಬೇರೆ ಊರಿನ ಕಡೆ ಓಡತೊಡಗಿತು. ಆಗ ಟಿಕೆಟ್ ತಪಾಸಣೆಯ ಹೆಂಗಸು ಬಂದಳು. ನನ್ನ ಹತ್ತಿರ ಟಿಕೆಟ್ಟಿಲ್ಲ, ಮೊಬೈಲಿಲ್ಲ, ಕೋಟೂ ಇಲ್ಲ. ಜೇಬಿನಲ್ಲಿದ್ದ ಏಳು ಪುಟದ ವೇಳಾಪಟ್ಟಿ ತೋರಿಸಿದೆ. ಅದು ಕನ್ನಡದಲ್ಲಿತ್ತು. ನಾನೂ ಗಾರ್ಡ್ ಆಗಿದ್ದವನು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ್ದು ಗೌರವ, ಕಂಡದ್ದು ಕನಿಕರ. ತನ್ನ ಫೋನನ್ನೇ ಕೊಟ್ಟಳು. ಹೆಂಡತಿಯ ನಂಬರು ನನಗೆ ಬಾಯಿಗೆ ಬರುವುದಿಲ್ಲ, ನನ್ನದು ಬರುತ್ತದೆ. ನನಗೇ ಫೋನು ಮಾಡಿದೆ. ರೇಣುಕಮ್ಮ ಎತ್ತಿದಳು.

"ಎಲ್ಲಿದೀರಿ? ಕಕ್ಕಸಿನಾಗೆ ಬಾಗಿಲು ಸಿಕ್ಕಾಕ್ಕೊಂಡೈತಾ?"

"ಇಲ್ಲ ಕಣೇ. ಗಾಡಿ ಎರಡಾಗೈತೆ. ನೀನು ಮುಂದಿನ ಅರ್ಧದಾಗಿದೀಯ, ನಾನು ಹಿಂದಿನ ಅರ್ಧದಾಗಿದೀನಿ."

"ಮೂವತ್ತೆರಡು ವರ್ಷ ಹಿಂದಿನ ಡಬ್ಬಿನಾಗೆ ಕುಂತಿದ್ದು ಸಾಕಾಗಿಲ್ವೇನ್ರಿ ನಿಮಗೆ?"

ಜಗಳಕ್ಕೆ ಸಮಯವಿರಲಿಲ್ಲ. ಕೊಲೋನ್‌ನಲ್ಲಿ ಇಳಿದು ಮೊದಲು ಸಿಕ್ಕ ಬೆಂಚಿನ ಮೇಲೆ ಕೂರು, ನಾನು ಬರುವವರೆಗೆ ಏಳಬೇಡ, ಯಾರ ಜೊತೆಗೂ ಮಾತಾಡಬೇಡ ಎಂದು ಆಜ್ಞಾಪಿಸಿದೆ. ಆತು ಎಂದಳು. ಅವಳು ಅಷ್ಟು ಸುಲಭವಾಗಿ ಆತು ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಡುಸೆಲ್‌ಡಾರ್ಫ್‌ನಿಂದ ಕೊಲೋನ್ ಅರ್ಧ ಗಂಟೆಯ ದಾರಿ. ಆದರೆ ಆ ದಿನ ಹಳಿಯ ಮೇಲೆ ಏನೋ ತೊಂದರೆಯಂತೆ. ರೈಲು ಹತ್ತು ನಿಮಿಷ ತಡ ಎಂದರು, ಇಪ್ಪತ್ತು ಎಂದರು, ಐವತ್ತು ಎಂದರು. ಜರ್ಮನಿಯ ಗಡಿಯಾರದ ಬಗ್ಗೆ ನಾನು ಹೆಂಡತಿಗೆ ಕೊಟ್ಟಿದ್ದ ಉಪನ್ಯಾಸಗಳೆಲ್ಲ ನೆನಪಾದವು. ಪ್ಲಾಟ್‌ಫಾರ್ಮಿನಲ್ಲಿ ಚಳಿಗೆ ನಡುಗುತ್ತಾ ನಿಂತಿದ್ದೆ. ಭಾಷೆ ಗೊತ್ತಿಲ್ಲದ ಊರಿನಲ್ಲಿ ಒಂದು ಬೆಂಚಿನ ತುದಿಯಲ್ಲಿ ಸೂಟ್‌ಕೇಸು ತಬ್ಬಿ ಕೂತ ರೇಣುಕಮ್ಮನೇ ಕಣ್ಣ ಮುಂದೆ. ನಿಜ ಹೇಳುತ್ತೇನೆ, ಆಗ ಸಂಗೀತ ಹಾಳಾಗಿ ಹೋಗಲಿ, ಇವಳೊಬ್ಬಳು ಸಿಕ್ಕರೆ ಸಾಕು ಎನಿಸಿತು.

ಕೊಲೋನ್ ಮುಟ್ಟಿದಾಗ ನಾಲ್ಕೂವರೆ. ಹನ್ನೊಂದು ಪ್ಲಾಟ್‌ಫಾರ್ಮುಗಳ ಬೆಂಚುಗಳನ್ನು ಒಂದೂ ಬಿಡದೆ ಹುಡುಕಿದೆ. ರೇಣುಕಾ ಎಂದು ಕೂಗಿದೆ. ನಾಯಿಯೊಂದು ತಿರುಗಿ ನೋಡಿತು. ಯಾರದೋ ಫೋನು ಬೇಡಿ ಮತ್ತೆ ನನಗೇ ಕರೆ ಮಾಡಿದೆ. ಸ್ವಿಚ್ ಆಫ್. ಕೊನೆಗೆ, ಪಕ್ಕದಲ್ಲೇ ಇದ್ದ ಸಂಗೀತ ಭವನದಲ್ಲಾದರೂ ಯಾರಾದರೂ ನೆರವಾಗಬಹುದೆಂದು ಓಡಿದೆ.

ಬಾಗಿಲ ಬಳಿಯ ಹುಡುಗಿ, ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ ಎಂದಳು. ನಮ್ಮ ಸೀಟಿನ ನಂಬರುಗಳು ನನಗೆ ಕಂಠಪಾಠವಾಗಿದ್ದವು; ಹೇಳಿದೆ. ಅವಳು ಯಂತ್ರ ಒತ್ತಿ ನೋಡಿ, ಆ ಎರಡೂ ಸೀಟಿನವರು ಆಗಲೇ ಒಳಗೆ ಕೂತಿದ್ದಾರೆ ಎಂದಳು. ಅದರಲ್ಲಿ ಒಬ್ಬ ನಾನೇ ಎಂದೆ. ಆ ಸೀಟಿನವರು ಒಳಗಿದ್ದಾರೆ ಎಂದು ಅವಳು ಅಷ್ಟೇ ವಿನಯದಿಂದ ಮತ್ತೊಮ್ಮೆ ಹೇಳಿದಳು. ನಾನು ಒಳಗಿಲ್ಲ ಎಂಬುದಕ್ಕೆ ನನ್ನ ಹತ್ತಿರ ನಾನಲ್ಲದೆ ಬೇರೆ ಪುರಾವೆ ಇರಲಿಲ್ಲ.

ಹೊರಗಿನ ಕುರ್ಚಿಯಲ್ಲಿ ಕೂತೆ. ಬಾಗಿಲು ಎಷ್ಟು ಗಟ್ಟಿಯೆಂದರೆ ಒಂದು ಸ್ವರವೂ ಸೋರಲಿಲ್ಲ.

ಐದೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಜನರ ನಡುವೆ ಹಸಿರು ಇಳಕಲ್ ಸೀರೆ ಕಂಡಿತು. ರೇಣುಕಮ್ಮ ಹೆಲ್ಗಕ್ಕನ ತೋಳು ಹಿಡಿದು ಬರುತ್ತಿದ್ದಳು. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ನನ್ನನ್ನು ಕಂಡವಳೇ, "ಬಂದ್ರಾ? ಭಾಳ ಚಲೋ ಇತ್ತು ಕಣ್ರಿ," ಎಂದಳು.

ಆದದ್ದು ಇಷ್ಟು. ಅವಳು ಬೆಂಚಿನ ಮೇಲೆ ಕೂತದ್ದು ಹೌದು, ಹತ್ತು ನಿಮಿಷ. ಹೆಲ್ಗಕ್ಕ ಬಿಟ್ಟು ಹೋಗಲಿಲ್ಲ. ರೇಣುಕಮ್ಮ ಟಿಕೆಟ್ ತೋರಿಸಿದಾಗ, ಹೊತ್ತಾಗುತ್ತಿದೆ ಎಂದು ಹೌಹಾರಿ, ಕೈ ಹಿಡಿದು ಕರೆದುಕೊಂಡು ಬಂದಳು. ಬಾಗಿಲಲ್ಲಿ ಬಿಟ್ಟು ಹೋಗಲು ನೋಡಿದವಳನ್ನು ರೇಣುಕಮ್ಮ ಬಿಡಲಿಲ್ಲ.

"ನಿಮ್ಮ ಸೀಟು ಖಾಲಿ ಇತ್ತಲ್ಲ. ಸುಮ್ನೆ ಹಾಳ್ಯಾಕೆ ಮಾಡಾದು ಅಂತ ಹೆಲ್ಗಕ್ಕನ್ನ ಕುಂಡ್ರಿಸ್ಕೊಂಡೆ. ಒಂದು ಸತಿನೂ ಕೆಮ್ಮಲಿಲ್ಲ ನಾನು."

ನಾನು ಬಯ್ಯಲು ಬಾಯಿ ತೆರೆದೆ. ಅವಳು ನನ್ನ ಕೈ ಮುಟ್ಟಿ ನೋಡಿ, ಹಿಮ ಆಗೈತಲ್ರಿ ಎಂದು ಕೋಟು ತೊಡಿಸಿ, ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಯುರೋಪಿನ ಭವ್ಯ ಸಂಗೀತ ಭವನದ ಮೆಟ್ಟಿಲ ಮೇಲೆ ಕೂತು ಮುಷ್ಟಿಗಟ್ಟಲೆ ಮುಕ್ಕಿದೆ.

ಈಗ ಮನೆಯಲ್ಲಿ ಹೆಡ್‌ಫೋನು ರೇಣುಕಮ್ಮನ ಕಿವಿಯಲ್ಲಿರುತ್ತದೆ. ಪ್ರತಿ ಭಾನುವಾರ ಹೆಲ್ಗಕ್ಕನ ವಿಡಿಯೊ ಕಾಲ್ ಬರುತ್ತದೆ. ಇವಳು ಕನ್ನಡ, ಅವಳು ಜರ್ಮನ್, ಒಂದು ಗಂಟೆ ಮಾತು, ಒಂದೂ ತಪ್ಪು ತಿಳಿವಳಿಕೆಯಿಲ್ಲ. (ನಾವಿಬ್ಬರೂ ಮೂವತ್ತೈದು ವರ್ಷದಿಂದ ಕನ್ನಡದಲ್ಲೇ ಮಾತಾಡುತ್ತಿದ್ದೇವೆ.) ಮೊನ್ನೆ ಮಾತು ಮುಗಿಸಿ ಬಂದವಳು, ಬರುವ ಮೇ ತಿಂಗಳಿಗೆ ಹೆಲ್ಗಕ್ಕ ಅಲ್ಲೇ ಇನ್ನೊಂದು ಕಛೇರಿಗೆ ಎರಡು ಟಿಕೆಟ್ ತೆಗೆದಿದ್ದಾಳೆ, ಮತ್ತೆ ಹೋಗಾಣ ಎಂದಳು. ಈ ಸಲವಾದರೂ ಇಬ್ಬರೂ ಒಟ್ಟಿಗೆ ಕೂತು ಕೇಳೋಣ ಎಂದೆ.

"ಅಯ್ಯೋ, ಅವು ನನಗೂ ಹೆಲ್ಗಕ್ಕಗೂ ಕಣ್ರಿ."

"ಮತ್ತೆ ನನಗೆ?"

"ನಿಮಗ್ಯಾಕೆ?" ಎಂದಳು ರೇಣುಕಮ್ಮ, ಕಿವಿಗೆ ಹೆಡ್‌ಫೋನು ಏರಿಸಿಕೊಳ್ಳುತ್ತಾ. "ಹೊರಗೆ ಕುಂತ್ಕಳ್ಳಾಕೆ ಅಲ್ಲಿ ಟಿಕೆಟ್ ಕೇಳಾದಿಲ್ಲ."